ಸೊಪ್ಪು ಹೆಚ್ಚುವಾಗಿನ ಪಿಟೀಲು

ಟಕ್ ಅಂತ ಎಲ್ಲಿ ಸದ್ದಾದರೂ ನನ್ನ ಕೈ ಇವತ್ತಿಗೂ ಸೊಪ್ಪಿನ ಬುಟ್ಟಿ ಹುಡುಕುತ್ತದೆ. ನಿಮಗೂ ಅಂಥದ್ದೊಂದು ಸದ್ದು ಇದ್ದೀತು, ಕಿವಿಗೆ ಬಿದ್ದೊಡನೆ ಇಲ್ಲದ ಮನೆಯ ಬಾಗಿಲು ತೆಗೆಯುವಂಥದ್ದು. ನನ್ನದು ಹೊಸೂರು ಸೀಮೆಯ ಬೇರಿಕೆ ಹತ್ತಿರದ ಹುಳದ ಮನೆ. ಸುಣ್ಣದ ವಾಸನೆ, ಆಗತಾನೆ ಕೊಯ್ದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ತಟ್ಟೆ ತುಂಬ ರೇಷ್ಮೆಹುಳ ಮೇಯುವ ಸದ್ದು. ಹೊರಗೆ ಸೋನೆಮಳೆ ಹಿಡಿದಿದೆಯೇನೋ ಅನ್ನಬೇಕು, ಹಾಗಿರುತ್ತಿತ್ತು. ಅದರ ಜೊತೆಗೆ ಪಿಟೀಲುಗಳು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇಂಗ್ಲೆಂಡಿನ ಪಿಟೀಲುಗಳು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮ. ದೊಡ್ಡಪ್ಪ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಡ್ರೈವರು. ಮಿಷಿನ್ ಕೂರಿಸಲು ಇಂಗ್ಲೆಂಡಿನಿಂದ ಬಂದಿದ್ದ ಇಂಜಿನಿಯರನ್ನು ಕಾರಿನಲ್ಲಿ ಕರೆದುಕೊಂಡು ಓಡಾಡುತ್ತಿದ್ದ. ಕೆಲಸ ಮುಗಿಯುವ ಮೊದಲೇ ಊರಿಂದ ಫೋನು ಬಂದು ಆ ಸಾಹೇಬರು ಗಡಿಬಿಡಿಯಲ್ಲಿ ಹೊರಟರಂತೆ. ಹೋಗುವಾಗ ತಮ್ಮ ಟೇಪ್ ರೆಕಾರ್ಡರನ್ನೂ ಅದರೊಳಗಿದ್ದ ಕ್ಯಾಸೆಟ್ಟನ್ನೂ ದೊಡ್ಡಪ್ಪನ ಕೈಗಿಟ್ಟರು. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ಸಣ್ಣ ಪಿಟೀಲು, ದೊಡ್ಡ ಪಿಟೀಲು, ಆಳೆತ್ತರದ ಪಿಟೀಲು, ಬರೀ ತಂತಿಯ ನಾದ. "ನಮ್ಮೂರಿನವರೇ ಕಟ್ಟಿದ್ದು" ಅಂದಿದ್ದರಂತೆ ಸಾಹೇಬರು. ಯಾರು ಕಟ್ಟಿದ್ದು ಅಂತ ದೊಡ್ಡಪ್ಪ ಕೇಳಲಿಲ್ಲ.

ನಮ್ಮ ಕಡೆ ಹುಳದ ಮನೆಗೆ ಮಡಿ ದೇವರ ಮನೆಗಿಂತ ಜಾಸ್ತಿ. ಕಾಲು ತೊಳೆಯದೆ ಹೋಗುವ ಹಾಗಿಲ್ಲ, ಒಗ್ಗರಣೆ ಘಾಟು ಸೋಕುವ ಹಾಗಿಲ್ಲ, ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ದೊಡ್ಡಮ್ಮ ಸೊಪ್ಪು ಹೆಚ್ಚುತ್ತಿದ್ದಾಗ ದೊಡ್ಡಪ್ಪ ಒಂದು ದಿನ ಸುಮ್ಮನೆ ಟೇಪು ಹಾಕಿದ. ಆ ಸಲದ ಬೆಳೆ ಗೂಡು ಚೆನ್ನಾಗಿ ಕಟ್ಟಿತು. ಅಷ್ಟು ಸಾಕಲ್ಲ, ಪದ್ಧತಿಯಾಗಿಬಿಟ್ಟಿತು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ, ಅದಕ್ಕೆ ಜ್ವರ ಅನ್ನುತ್ತೇವೆ. ಆಗ ಮಾತ್ರ ಟೇಪು ಬಂದ್. ಪಕ್ಕದ ಮನೆ ಮುನಿಯಕ್ಕ ಬಾಗಿಲಾಚೆ ನಿಂತು, "ಏನಕ್ಕಾ, ನಿಮ್ಮ ಹುಳ ಇಂಗ್ಲೀಷ್ ಮೀಡಿಯಮ್ಮಾ?" ಅಂತ ನಗುತ್ತಿದ್ದಳು. ಕೊನೆಯಲ್ಲಿ ಪಿಟೀಲುಗಳೆಲ್ಲ ಒಂದರ ಮೇಲೊಂದು ಏರಿ, ಇನ್ನೇನು ಅತ್ತುಬಿಡುತ್ತವೆ ಅನ್ನುವಾಗ ಟಕ್ ಅಂತ ಗುಂಡಿ ಮೇಲೆದ್ದು ಟೇಪು ನಿಲ್ಲುತ್ತಿತ್ತು. ದೊಡ್ಡಮ್ಮ ಮಂಡಿಗೆ ಕೈಯೂರಿ ಎದ್ದು ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು, ಬುಟ್ಟಿ ಹಿಡಿಯುವವಳು ನಾನು. ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಹುಳಕ್ಕಾಯ್ತು. ನೀನು ಉಂಡ್ಯೇನಮ್ಮಿ?" ಅನ್ನುತ್ತಿದ್ದಳು. ಉಂಡಿದ್ದರೂ ಇಲ್ಲ ಅನ್ನುತ್ತಿದ್ದೆ. ಅವಳು ಕಲಸಿ ಬಾಯಿಗಿಡುವ ತುತ್ತು ನನಗೆ ಬೇಕಿತ್ತು.

ಅದ್ಯಾಕೆ ಹಂಗೆ ನಿಂತುಬಿಡುತ್ತೆ ಅಂತ ಒಮ್ಮೆ ಕೇಳಿದ್ದೆ. "ಆ ಜನ ಹಂಗೇ ಕಣಮ್ಮಿ, ಮಾತು ಮುಗಿಸ್ದೆ ಎದ್ದೋಗ್ಬುಡ್ತಾರೆ. ನಮ್ಮ ಸಾಹೇಬ್ರು ಹೋಗ್ಲಿಲ್ವಾ?" ಅಂದಿದ್ದ ದೊಡ್ಡಪ್ಪ. ಮೂವರೂ ಅದನ್ನೇ ನಂಬಿಕೊಂಡು ಬಂದೆವು. ಆಮೇಲೆ ಹಿಪ್ಪುನೇರಳೆ ತೋಟದ ಜಾಗಕ್ಕೆ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಬಂದವು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ಇಬ್ಬರೂ ಹೊಸೂರಿಗೆ, ಅಲ್ಲಿ ಕೆಲಸ ಹಿಡಿದಿದ್ದ ನನ್ನ ಮನೆಗೆ ಬಂದರು. ಹೋದ ವರ್ಷ ದೊಡ್ಡಪ್ಪ ಕಾಫಿ ಲೋಟ ಹಿಡಿದು ಏನೋ ಹೇಳಲು ಬಾಯಿ ತೆರೆದವನು ಹಾಗೇ ಒರಗಿದ. ದೊಡ್ಡಮ್ಮ ಅಳಲಿಲ್ಲ. "ನಿಮ್ದೊಡ್ಡಪ್ಪನೂ ಮಾತು ಮುಗಿಸ್ದೆ ಎದ್ದೋಗ್ಬುಟ್ಟ" ಅಂದವಳು ಮಾತನ್ನೇ ಬಿಟ್ಟಳು. ತಟ್ಟೆ ಇಟ್ಟರೆ ಒಂದೆರಡು ತುತ್ತು, ಅಷ್ಟೇ. ಜ್ವರಕ್ಕೆ ಕೂತ ಹುಳದ ಹಾಗೆ ಕೂತುಬಿಟ್ಟಳು. ಏಳದೇ ಹೋದರೆ ಅಂತ ನನಗೆ ಭಯವಾಯಿತು. ಡಾಕ್ಟರ ಟಾನಿಕ್ಕು ಹಾಗೇ ಉಳಿಯಿತು. ಆ ಸಂಗೀತ ಕೇಳಿಸಿದರೆ ಹೇಗೆ ಅನ್ನಿಸಿದ್ದು ಆಗಲೇ.

ಹೆಸರು ಗೊತ್ತಿಲ್ಲ, ಕಟ್ಟಿದವರು ಗೊತ್ತಿಲ್ಲ. ಕಂಪನಿ ಬಸ್ಸಿನಲ್ಲಿ ತಮಿಳು ಹಾಡು ಕಿರುಚುತ್ತಿದ್ದರೆ ನಾನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಇಂಗ್ಲೆಂಡಿನವರು ತಂತಿವಾದ್ಯಕ್ಕೆ ಬರೆದದ್ದನ್ನೆಲ್ಲ ಕೇಳುತ್ತ ಹೋದೆ. ಕೇಳುತ್ತ ಕೇಳುತ್ತ ಆ ಜನ ನೆಂಟರ ಹಾಗೆ ಬಳಕೆಯಾದರು. ಒಬ್ಬ ಹಳ್ಳಿ ಹಳ್ಳಿ ತಿರುಗಿ ಮುದುಕರ ಬಾಯಲ್ಲಿದ್ದ ಹಾಡು ಬರೆದುಕೊಂಡನಂತೆ. ಇನ್ನೊಬ್ಬ ಹೆಣ್ಣುಮಕ್ಕಳ ಸ್ಕೂಲಿನ ಮೇಷ್ಟ್ರು, ಆ ಮಕ್ಕಳು ನುಡಿಸಲಿ ಅಂತಲೇ ಬರೆದನಂತೆ. ಬಸ್ಸು ತೊರಪಲ್ಲಿ ಕಡೆ ತಿರುಗುವಾಗ ಒಂದು ದಿನ ನಮ್ಮ ಪಿಟೀಲು ಶುರುವಾಯಿತು. ಕೊನೆಯ ಏರು ಬಂತು, ಟಕ್ ಅನ್ನಲಿ ಅಂತ ಕಾದೆ, ಅನ್ನಲಿಲ್ಲ. ಸಾಹೇಬರ ಕ್ಯಾಸೆಟ್ಟಿನಲ್ಲಿ ಟೇಪು ಸಾಲದೆ ನಿಂತಿದ್ದನ್ನು ನಾವು ಆ ಜನದ ಗುಣ ಅಂದುಕೊಂಡಿದ್ದೆವು. ಮುಂದಿನದನ್ನು ಒಬ್ಬಳೇ ಕೇಳುವುದು ಸರಿ ಕಾಣದೆ ಅಲ್ಲಿಗೇ ನಿಲ್ಲಿಸಿದೆ.

ಭಾನುವಾರ ತಿಂಡಿ ಆದ ಮೇಲೆ ದೊಡ್ಡಮ್ಮನ ಪಕ್ಕ ಕೂತು ಹಾಕಿದೆ. ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ಮಡಿಲಲ್ಲೇ ಸೊಪ್ಪು ಹೆಚ್ಚತೊಡಗಿದವು. ಪಿಟೀಲುಗಳು ಏರಿದವು. ಅವಳು ಮಂಡಿಗೆ ಕೈಯೂರಿ ಎದ್ದಳು, ಬುಟ್ಟಿಯಿಲ್ಲದ ನಾನೂ ಎದ್ದೆ. ಸಂಗೀತ ನಿಲ್ಲಲಿಲ್ಲ.

"ಇನ್ನೂ ಐತಾ?" ಅಂದಳು.

"ಐತೆ ದೊಡ್ಡಮ್ಮ."

ಇಬ್ಬರೂ ನಿಂತೇ ಕೇಳಿದೆವು. ಅಷ್ಟು ಮೇಲೆ ಹೋದ ಪಿಟೀಲುಗಳು ಒಂದೊಂದಾಗಿ ಇಳಿದವು, ದೊಡ್ಡ ಪಿಟೀಲು ಕೆಳಗಿನಿಂದ ಅವನ್ನು ಆತುಕೊಂಡಿತು, ಎಲ್ಲವೂ ಸಣ್ಣಗಾಗುತ್ತ ನೆಮ್ಮದಿಯಾಗಿ ಮುಗಿಯಿತು. ಅದನ್ನು ಕಟ್ಟಿದ ಪುಣ್ಯಾತ್ಮನಿಗೆ, ಬಿಟ್ಟುಹೋದ ಸಾಹೇಬರಿಗೆ, ಹುಳದ ಮನೆಗೆ ತಂದ ನನ್ನ ದೊಡ್ಡಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದೆ. "ನಿಮ್ದೊಡ್ಡಪ್ಪ ಇದನ್ನ ಕೇಳಲೇ ಇಲ್ವಲ್ಲಮ್ಮಿ" ಅಂತ ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು, ಅವನು ಹೋದ ಮೇಲೆ ಮೊದಲ ಸಲ. ಅತ್ತು ಮುಗಿದ ಮೇಲೆ ಅದೇ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

"ನೀನು ಉಂಡ್ಯೇನಮ್ಮಿ?"

ಹೊಟ್ಟೆ ತುಂಬಿತ್ತು. "ಇಲ್ಲ ದೊಡ್ಡಮ್ಮ" ಅಂದೆ.