ವ್ಯಾನಿಗೆ ಕಟ್ಟಿದ ಹಿಂಗಾರ

ಕೋರ್ಟಿನ ಸಮನ್ಸ್ ತಂದ ಮನುಷ್ಯ ಬಾಗಿಲು ತಟ್ಟಿದಾಗ ನನ್ನ ಎರಡೂ ಕೈ ಗೋಳಿಬಜೆಯ ಹಿಟ್ಟಿನಲ್ಲಿದ್ದವು. ಕೈ ತೊಳೆದು ಸಹಿ ಮಾಡಿ, ಒಲೆಯ ಪಕ್ಕದಲ್ಲೇ ನಿಂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ನನ್ನ ನೆತ್ತಿಯ ಸ್ಥಿತಿಯೂ ಅದೇ. ನಿಜ ಹೇಳಬೇಕೆಂದರೆ, ಸಿಟ್ಟಿನ ಜೊತೆಗೆ ಒಳಗೆಲ್ಲೋ ಒಂದು ಖುಷಿಯೂ ಎದ್ದಿತ್ತು. ನಾನು ಹುಟ್ಟಾ ಜಗಳಗಂಟಿ. ತರಕಾರಿಯವನ ಜೊತೆ, ರಿಕ್ಷಾದವನ ಜೊತೆ, ಸೊಸೈಟಿಯ ಸೆಕ್ರೆಟರಿಯ ಜೊತೆ ಜಗಳವಾಡಿ ಬೇಸರ ಬಂದಿತ್ತು. ಈಗ ಸರಕಾರವೇ ಮೊಹರು ಒತ್ತಿ, ಬಾ, ಜಗಳವಾಡು ಎಂದು ಕರೆ ಕಳಿಸಿತ್ತು.

ವಿಷಯ ಇಷ್ಟು. ಸಾನಪಾಡಾದ ನಮ್ಮ ಹೌಸಿಂಗ್ ಸೊಸೈಟಿಯ ಹಿಂದೆ ಒಂದು ಖಾಸಗಿ ಪಾರ್ಕಿಂಗ್ ಪ್ಲಾಟು ಇದೆ. ಹಿಂದೊಮ್ಮೆ ನನ್ನ ವ್ಯಾನು ರಾತ್ರಿ ಅಲ್ಲಿ ನಿಲ್ಲುತ್ತಿತ್ತು. ತಿಂಗಳು ತಿಂಗಳು ಬಾಡಿಗೆಯನ್ನು ಅದರ ಕಾಂಟ್ರಾಕ್ಟರನ ಕೈಗೇ ಕೊಡುತ್ತಿದ್ದೆ. ರಸೀದಿ ಕೇಳಿದರೆ, "ಅಪ್ನೇ ಮೇ ಕ್ಯಾ ರಸೀದ್, ವಹಿನಿ", ನಮ್ಮನಮ್ಮೊಳಗೆ ಎಂಥ ರಸೀದಿ ಎಂದು ನಗುತ್ತಿದ್ದ. ಅತ್ತಿಗೆ ಎಂದು ಕರೆಯುವವನ ಹತ್ತಿರ ಎಷ್ಟು ಸಲ ಕೇಳುವುದು? ಆಮೇಲೆ ಸೊಸೈಟಿಯಲ್ಲೇ ಜಾಗ ಸಿಕ್ಕಿತು, ಪ್ಲಾಟು ಬಿಟ್ಟೆ. ಅದೆಲ್ಲ ಮರೆತುಹೋಗುವಷ್ಟು ಹಳೆಯದಾದ ಮೇಲೆ ಈ ದಾವೆ. ವ್ಯಾನು ಆಗಿನಿಂದಲೂ ಅಲ್ಲೇ ನಿಂತಿತ್ತಂತೆ, ಒಂದು ಪೈಸೆ ಬಾಡಿಗೆ ಬಂದಿಲ್ಲವಂತೆ. ಬಡ್ಡಿ ಸಮೇತ ಕೊಡಿಸಬೇಕು, ಕೊಡದಿದ್ದರೆ ವ್ಯಾನನ್ನೇ ಜಪ್ತಿ ಮಾಡಬೇಕು ಎಂದು ಅವನ ಬೇಡಿಕೆ.

ವ್ಯಾನು ಹೋದರೆ ನಾನೂ ಹೋದಂತೆಯೇ. ಬೆಳಗಾಗುವ ಮೊದಲೇ ಇಡ್ಲಿ, ಸಾಂಬಾರು, ಗೋಳಿಬಜೆಯ ಡಬ್ಬಗಳನ್ನು ಅದರಲ್ಲಿ ತುಂಬಿ ತುರ್ಭೆಯ ಕಾರ್ಖಾನೆಗಳಿಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಲೋಡರುಗಳು, ಮೆಷಿನ್ನಿನವರು ಹಾರ್ನ್ ಕೇಳಿಯೇ ತಟ್ಟೆ ಹಿಡಿದು ಬರುತ್ತಾರೆ. ಮಗಳ ಕಾಲೇಜು, ಮನೆಯ ಕಂತು, ಎಲ್ಲವೂ ಆ ವ್ಯಾನಿನ ಹಿಂದಿನ ಬಾಗಿಲಿನಿಂದಲೇ ಬಂದದ್ದು. ಆ ಬಾಗಿಲನ್ನು ಎರಡು ಸಲ ಒದೆಯದೆ ಮುಚ್ಚಲಾಗುವುದಿಲ್ಲ, ಅದು ಬೇರೆ ಮಾತು.

ನಮ್ಮ ಯಜಮಾನರು ಸಮನ್ಸ್ ಓದಿ ಕುರ್ಚಿಯಲ್ಲಿ ಕುಸಿದರು. ಅವರು ವಾಗ್ಳೆ ಎಸ್ಟೇಟ್‌ನಲ್ಲಿರುವ ತಮ್ಮ ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಗಿರಾಕಿ ಗಟ್ಟಿಯಾಗಿ ಮಾತಾಡಿದರೆ ಚಿಲ್ಲರೆ ಹೆಚ್ಚೇ ಕೊಟ್ಟು ಕಳಿಸುವ ಜೀವ.

"ಕೋರ್ಟು ಗೀರ್ಟು ನಮಗೆ ಬೇಡ ಮಾರಾಯ್ತಿ," ಎಂದರು. "ಉಡುಪಿ ಬಿಟ್ಟು ಇಲ್ಲಿಗೆ ಬಂದದ್ದು ದುಡಿಯಲಿಕ್ಕೆ, ಕೇಸು ನಡೆಸ್ಲಿಕ್ಕಲ್ಲ. ಎಂತಾದ್ರೂ ಕೊಟ್ಟು ಮುಗಿಸುವ."

"ನಿಲ್ಲಿಸದೇ ಇದ್ದ ಗಾಡಿಗೆ ಬಾಡಿಗೆ ಕೊಡ್ಲಿಕ್ಕೆ ನಂಗೆ ಮರುಳಾ?"

"ಸೋತ್ರೆ ಗಾಡಿಯೇ ಹೋಗ್ತದೆ, ಗೊತ್ತುಂಟಾ ನಿಂಗೆ?"

ಗೊತ್ತಿತ್ತು. ಹಾಗಾಗಿ ಸೋಲುವ ಯೋಚನೆಯನ್ನೇ ನಾನು ಮಾಡಲಿಲ್ಲ.

ಒಬ್ಬ ವಕೀಲರನ್ನು ಹೋಗಿ ಕಂಡೆ. ಅವರು ಕಾಗದಗಳನ್ನೆಲ್ಲ ನೋಡಿ, ಮೂರು ವರ್ಷ ದಾಟಿದ ಬಾಕಿ ಸಾಧಾರಣವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆದರೆ ಅವನು ಇತ್ತೀಚಿನ ಫೋಟೋಗಳನ್ನು ಹಾಕಿದ್ದಾನಲ್ಲ ಎಂದರು. ಜನವರಿಯದ್ದು, ಏಪ್ರಿಲಿನದ್ದು, ಜುಲೈಯದ್ದು. ಮೂರರಲ್ಲೂ ನನ್ನ ವ್ಯಾನು ಅವನ ಪ್ಲಾಟಿನಲ್ಲಿದೆ. ಫೋಟೋ ನಿಜವಾದರೆ ವ್ಯಾನು ವರ್ಷವಿಡೀ ಅಲ್ಲೇ ಇತ್ತು ಎಂದಾಗುತ್ತದೆ, ಅವನ ದಾವೆಗೆ ಜೀವ ಬರುತ್ತದೆ. ನನಗೆ ಬಂದಿದ್ದ ಝೆರಾಕ್ಸಿನಲ್ಲಿ ವ್ಯಾನು ಮಸಿಯ ಮುದ್ದೆಯಂತೆ ಕಾಣುತ್ತಿತ್ತು. "ಮೂಲ ಫೋಟೋ ಕೋರ್ಟಿನ ಫೈಲಿನಲ್ಲಿರುತ್ತದೆ, ಅರ್ಜಿ ಕೊಟ್ಟು ನೋಡಿ ಬನ್ನಿ" ಎಂದರು. ಅವರ ಫೀಸು ಕೇಳಿದ ಮೇಲೆ, ನನ್ನ ವಾದ ನಾನೇ ಮಾಡಿಕೊಳ್ಳುತ್ತೇನೆ ಎಂದು ಎದ್ದು ಬಂದೆ. ದಾವೆಯನ್ನು ನಿರಾಕರಿಸಿ ಬರೆದ ಉತ್ತರವನ್ನು ಮಗಳು ಟೈಪ್ ಮಾಡಿಕೊಟ್ಟಳು. "ಮಮ್ಮಿ, ತೂ ಸಚ್ಚಿ ಮೇ ಲಡೇಗೀ?" ಎಂದು ಕೇಳಿದಳು. ನಾನು ಕನ್ನಡದಲ್ಲಿ ಏನು ಹೇಳಿದರೂ ಅವಳ ಉತ್ತರ ಹಿಂದಿಯಲ್ಲೇ. ಹೌದು, ಹೊಡೆದಾಡುತ್ತೇನೆ ಎಂದೆ.

ಬೇಲಾಪುರದ ಕೋರ್ಟಿನಲ್ಲಿ ಫೈಲು ಬಿಚ್ಚಿ ಆ ಬಣ್ಣದ ಫೋಟೋಗಳನ್ನು ನೋಡಿದ ಕ್ಷಣ ನನಗೆ ಇನ್ನೂ ನೆನಪಿದೆ. ಜನವರಿಯ ಫೋಟೋದಲ್ಲಿ, ಡ್ರೈವರ್ ಸೀಟಿನ ಎದುರಿನ ಕನ್ನಡಿಗೆ ಕಟ್ಟಿದ ಹಿಂಗಾರ. ಏಪ್ರಿಲಿನ ಫೋಟೋದಲ್ಲಿ ಅದೇ ಹಿಂಗಾರ. ಜುಲೈಯದ್ದರಲ್ಲೂ ಅದೇ. ಮೂರರಲ್ಲೂ ಆಗ ತಾನೇ ಹಾಳೆ ಸೀಳಿ ತೆಗೆದ ಹಾಗೆ, ಹಾಲುಬಣ್ಣದ್ದು, ಒಂದು ಎಸಳೂ ಬಾಡಿಲ್ಲ.

ಹಿಂಗಾರ ಎಂದರೆ ಅಡಿಕೆಯ ಹೂಗೊನೆ. ಆಯುಧಪೂಜೆಗೆ ಇಲ್ಲಿಯವರು ಗಾಡಿಗೆ ಚೆಂಡುಹೂವಿನ ಹಾರ ಹಾಕಿ ಮುಗಿಸುತ್ತಾರೆ. ನಮ್ಮ ಕಡೆಯವರಿಗೆ ಹಿಂಗಾರವಿಲ್ಲದೆ ಪೂಜೆ ಪೂಜೆಯೇ ಅಲ್ಲ. ಡೊಂಬಿವ್ಲಿಯ ಮಾರ್ಕೆಟ್ಟಿನಲ್ಲಿ ಊರಿನ ಬಸ್ಸಿನಿಂದ ಅದನ್ನು ತರಿಸಿ ಮಾರುವ ಹೆಂಗಸೊಬ್ಬಳಿದ್ದಾಳೆ. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಅದನ್ನು ಕೂಸಿನ ಹಾಗೆ ಎತ್ತಿ ಹಿಡಿದು ಮನೆಗೆ ತರಬೇಕು. ಇಷ್ಟೆಲ್ಲ ಮಾಡಿದರೂ ಅದರ ಅಂದ ಒಂದೆರಡು ದಿನದ್ದು. ಆಮೇಲೆ ಕಂದಾಗಿ, ಮುಟ್ಟಿದರೆ ಉದುರುತ್ತದೆ.

ಯಾವ ದಿನದ ಫೋಟೋ ಎಂದು ತಕ್ಷಣ ಹೊಳೆಯಿತು. ಒಂದು ವರ್ಷ ನವರಾತ್ರಿಗೆ ಸೊಸೈಟಿಯ ಅಂಗಳದಲ್ಲಿ ಗರ್ಬಾದ ಮಂಟಪ ಹಾಕಿ ಎಲ್ಲರ ಗಾಡಿಗಳನ್ನೂ ಹೊರಗೆ ಹಾಕಿಸಿದ್ದರು. ಭಾವನ ಹೋಟೆಲಿನ ಎದುರು ವ್ಯಾನಿಗೆ ಪೂಜೆ ಮಾಡಿಸಿ ತಂದವಳು, ಕಾಂಟ್ರಾಕ್ಟರನನ್ನೇ ಕೇಳಿ ಒಂದು ರಾತ್ರಿ ಪ್ಲಾಟಿನಲ್ಲಿ ನಿಲ್ಲಿಸಿದ್ದೆ. "ಆಪ್‌ಲೀಚ್ ಜಾಗಾ ಆಹೇ, ವಹಿನಿ" ಎಂದಿದ್ದ. ನಮ್ಮದೇ ಜಾಗ ಎಂದವನು ಅದೇ ದಿನ ಮೂರು ಕಡೆಯಿಂದ ಫೋಟೋ ಹೊಡೆದು ಇಟ್ಟುಕೊಂಡಿದ್ದ. ತಾರೀಕುಗಳನ್ನು ಆಮೇಲೆ ಬೇಕಾದ ಹಾಗೆ ಬರೆದಿದ್ದ. ಆ ಬಿಳಿ ಗೊನೆ ಏನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಈ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ಯಜಮಾನರಿಗೆ ಹೇಳಿದರೆ ಅವರ ಅಣ್ಣನಿಗೆ ಹೋಗುತ್ತದೆ. ಭಾವನ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲುವುದಿಲ್ಲ. ಕಾಂಟ್ರಾಕ್ಟರನಿಗೆ ವಾಗ್ಳೆ ಎಸ್ಟೇಟ್‌ನಲ್ಲೂ ಒಂದು ಪ್ಲಾಟಿತ್ತು. ಮಧ್ಯಾಹ್ನದ ಊಟಕ್ಕೆ ಅವನು ಕೂರುವುದು ಭಾವನ ಹೋಟೆಲಿನಲ್ಲೇ. ಬಾಯಿ ಮುಚ್ಚಿಕೊಂಡಿರುವುದು ನನಗೆ ಅಭ್ಯಾಸವಿಲ್ಲದ ಕೆಲಸ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಗ್ಗೆ ಸಾಂಬಾರಿನ ಪಾತ್ರೆಯನ್ನೇ ಕಾಂಟ್ರಾಕ್ಟರ್ ಎಂದುಕೊಂಡು, ಸೌಟು ತೋರಿಸಿ ಪಾಟೀಸವಾಲು ಅಭ್ಯಾಸ ಮಾಡುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋಗುತ್ತಿದ್ದರು.

ವಿಚಾರಣೆಗೆ ಕೆಲವು ದಿನ ಮೊದಲು ಡೊಂಬಿವ್ಲಿಗೆ ಹೋಗಿ ಒಂದು ಹಿಂಗಾರ ತಂದು ಅಟ್ಟದ ಮೇಲೆ ಒಣಗಲು ಬಿಟ್ಟೆ. ಹಿಂದಿನ ದಿನ ಮತ್ತೆ ಹೋಗಿ ಎರಡು ತಾಜಾ ಹಿಂಗಾರ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ತಳದಲ್ಲಿಟ್ಟೆ. ಒಂದು ಹಾಳಾದರೆ ಇನ್ನೊಂದಿರಲಿ ಎಂದು.

ವಿಚಾರಣೆಯ ದಿನ ತುರ್ಭೆಯ ಕೆಲಸ ಮುಗಿಸಿ, ವ್ಯಾನು ಮನೆಯಲ್ಲಿ ಬಿಟ್ಟು, ಟ್ರೇನಿನಲ್ಲಿ ಬೇಲಾಪುರಕ್ಕೆ ಹೋದೆ. ಚೀಲದಲ್ಲಿ ಒಂದು ಒಣ ಹಿಂಗಾರ, ಒಂದು ತಾಜಾ. ಹೆಸರು ಕೂಗಿದಾಗ ಚೀಲ ಎತ್ತಿಕೊಂಡು ಒಳಗೆ ಹೋದೆ. ಕಟಕಟೆಯಲ್ಲಿ ಬಿಳಿ ಶರಟು ತೊಟ್ಟು ನಿಂತಿದ್ದ ಕಾಂಟ್ರಾಕ್ಟರನನ್ನು ಕಂಡದ್ದೇ ಜಗಳದ ಹುರುಪು ಬಂತು. ನ್ಯಾಯಾಧೀಶರು ಹೆಂಗಸು, ಕನ್ನಡಕ ಹಾಕಿದವರು. ವಕೀಲರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. "ಮೀಚ್ ಬೋಲ್‌ಣಾರ್, ಮ್ಯಾಡಮ್", ನಾನೇ ಮಾತಾಡುತ್ತೇನೆ ಎಂದೆ. ಸರಿ, ಕೇಳಿ ಎಂದರು.

ಜನವರಿಯ ಫೋಟೋ ತೋರಿಸಿ, ಇದು ಜನವರಿಯದ್ದೇ ಎಂದು ಕೇಳಿದೆ. ಹೌದೆಂದ. ಏಪ್ರಿಲಿನದ್ದಕ್ಕೂ ಹೌದು, ಜುಲೈಯದ್ದಕ್ಕೂ ಹೌದು. ಒಂದೇ ದಿನ ತೆಗೆದದ್ದಲ್ಲವೇ ಎಂದರೆ ಛೇ, ಛೇ ಎಂದ.

"ಕನ್ನಡಿಯ ಹತ್ತಿರ ಈ ಬಿಳಿಯದ್ದು ಏನು?"

"ಡೆಕೋರೇಶನ್ ಹೈ, ಮ್ಯಾಡಮ್. ಪ್ಲಾಸ್ಟಿಕ್ ಕಾ ಝಾಲರ್. ಇವರ ಗಾಡಿಗೆ ಯಾವಾಗಲೂ ನೇತಾಡ್ತಿರುತ್ತೆ."

ಅವನ ಆ ಒಂದು ಮಾತಿಗೆ ನಾನು ಎಷ್ಟೋ ರಾತ್ರಿ ಕಾದಿದ್ದೆ. ಚೀಲದಿಂದ ತಾಜಾ ಹಿಂಗಾರ ತೆಗೆದು ಎತ್ತಿ ಹಿಡಿದೆ. ಕೋರ್ಟಿನ ಹಾಲಿಗೆಲ್ಲ ಅದರ ವಾಸನೆ ಹರಡಿತು. ಇದು ಹೂವು, ನಮ್ಮಲ್ಲಿ ದಸರೆಗೆ ಗಾಡಿಗೆ ಕಟ್ಟುತ್ತೇವೆ, ಕೆಲವೇ ದಿನದಲ್ಲಿ ಹೀಗಾಗುತ್ತದೆ ಎಂದು ಒಣಗಿದ್ದನ್ನೂ ತೆಗೆದೆ. ಅರ್ಧ ಅಲ್ಲೇ ಉದುರಿತು. ಜನವರಿಯಲ್ಲಿ ಕಟ್ಟಿದ ಹೂವು ಜುಲೈ ತನಕ ಬಾಡದೆ ಹೇಗಿತ್ತು ಎಂದು ಕೇಳಿದೆ. ದಸರೆಯ ದಿನ ಒಂದು ರಾತ್ರಿ ಅಲ್ಲಿ ನಿಲ್ಲಿಸಿದ್ದು ಹೌದು, ಅದರ ಬಾಡಿಗೆ ಈಗಲೇ ಕೊಡುತ್ತೇನೆ ಎಂದೂ ಸೇರಿಸಿದೆ. ಹೇಳುವಾಗ ನನ್ನ ಸ್ವರ ಕಾರಿಡಾರಿಗೂ ಕೇಳಿಸಿರಬೇಕು. ಬಾಗಿಲಲ್ಲಿ ಜನ ನಿಂತಿದ್ದರು.

ನ್ಯಾಯಾಧೀಶರು ಎರಡನ್ನೂ ಹತ್ತಿರ ತರಿಸಿ ನೋಡಿದರು, ಮೂಸಿಯೂ ನೋಡಿದರು. ಆಮೇಲೆ ಫೋಟೋಗಳನ್ನು ಸಾಲಾಗಿ ಇಟ್ಟುಕೊಂಡು ಕಾಂಟ್ರಾಕ್ಟರನ ಕಡೆ ತಿರುಗಿದರು.

"ಜುಲೈ ತಿಂಗಳು. ನಿಮ್ಮ ಪ್ಲಾಟಿನಲ್ಲಿ ಮಳೆ ಬರಲಿಲ್ಲವಾ? ನೆಲದಲ್ಲಿ ಧೂಳಿದೆ."

ಹಿಂಗಾರದ ಗುಂಗಿನಲ್ಲಿ ನಾನು ನೆಲವನ್ನು ನೋಡಿಯೇ ಇರಲಿಲ್ಲ. ಅವನು ತನ್ನ ವಕೀಲರ ಮುಖ ನೋಡಿದ. ವಕೀಲರು ತಮ್ಮ ಕಾಗದ ನೋಡಿಕೊಂಡರು.

ಊಟದ ಬಿಡುವಿನ ನಂತರ ಆ ವಕೀಲರೇ ಎದ್ದು ನಿಂತು, ದಾವೆಯನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಬರೆದುಕೊಟ್ಟರು. ಇದೇ ವಿಷಯಕ್ಕೆ ಮತ್ತೆ ಕೋರ್ಟಿಗೆ ಬರುವಂತಿಲ್ಲ ಎಂದು ನ್ಯಾಯಾಧೀಶರು ಅದರ ಮೇಲೆ ಆದೇಶ ಬರೆಸಿದರು. ನಾನು ಕೈಮುಗಿದು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ. ಯಾರಿಗಾದರೂ ಹೇಳದಿದ್ದರೆ ಸಿಡಿದುಹೋಗುತ್ತೇನೆ ಅನ್ನಿಸುತ್ತಿತ್ತು.

ಗೇಟಿನ ಹೊರಗೆ ನನ್ನ ವ್ಯಾನು ನಿಂತಿತ್ತು.

ತೊಳೆದು ಫಳಫಳ ಮಾಡಿದ್ದರು. ಎದುರಿನ ಗಾಜಿಗೆ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಕನ್ನಡಿಗೆ ಹಾಲುಬಣ್ಣದ ಹಿಂಗಾರ, ನಾನು ಫ್ರಿಜ್ಜಿನಲ್ಲಿ ಬಿಟ್ಟು ಬಂದಿದ್ದ ಇನ್ನೊಂದು. ಯಜಮಾನರು ಪಕ್ಕದಲ್ಲಿ ನಿಂತಿದ್ದರು. ಹೋಟೆಲಿಗೆ ಹೋಗಿರಲಿಲ್ಲ. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ವ್ಯಾನಿನ ಕೀಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಇದೆಂತ ಮಾಡಿದ್ದು ನೀವು?" ಎಂದೆ.

"ಕೋರ್ಟಿನವರು ಇವತ್ತೇ ಗಾಡಿ ತಕೊಂಡು ಹೋಗ್ತಾರೆ ಅಲ್ವಾ. ನೀನು ಹಿಂಗಾರ ತಂದಿಟ್ಟದ್ದು ನೋಡಿದೆ ಬೆಳಿಗ್ಗೆ. ಬಾಯಿ ಬಿಟ್ಟು ಹೇಳದಿದ್ರೂ ಸೋಲ್ತೇವೆ ಅಂತ ನಿಂಗೂ ಗೊತ್ತಾಗಿದೆ, ಕಡೆಗೊಂದು ಪೂಜೆ ಮಾಡ್ಲಿಕ್ಕೆ ತಂದದ್ದು ಅಂದ್ಕೊಂಡೆ. ನಿಂಗೆ ಪುರುಸೊತ್ತಿಲ್ಲ, ನಾನೇ ಮಾಡಿದೆ. ನಮಗೆ ಅನ್ನ ಹಾಕಿದ ಗಾಡಿ, ಹಾಗೇ ಹೇಗೆ ಕಳಿಸುದು?" ಅವರ ಕಣ್ಣು ಕೆಂಪಾಗಿತ್ತು. ಕೋರ್ಟಿನ ಕಟ್ಟಡದ ಕಡೆ ನೋಡಿದರು. "ಕೀ ಯಾರ ಹತ್ರ ಕೊಡ್ಬೇಕು?"

ಗೆದ್ದ ಸಂಭ್ರಮದಲ್ಲಿದ್ದವಳಿಗೆ ರಸ್ತೆಯ ನಡುವೆಯೇ ಅಳು ಬಂತು. ಈ ಮನುಷ್ಯನನ್ನು ಇಷ್ಟು ದಿನ ಹೆದರುಪುಕ್ಕಲ ಎಂದು ಹಂಗಿಸಿದವಳು ನಾನು. ಒಂದು ಮಾತು ಮೊದಲೇ ಹೇಳಿದ್ದರೆ ಈ ಬೆಳಗ್ಗೆ ಇವರು ಒಬ್ಬರೇ ಕೂತು ವ್ಯಾನು ತೊಳೆಯಬೇಕಾಗಿರಲಿಲ್ಲ.

ಕಣ್ಣೊರೆಸಿಕೊಂಡು ಕೈ ಚಾಚಿದೆ.

"ನನ್ನ ಹತ್ರ ಕೊಡಿ," ಎಂದೆ. "ಹತ್ತಿ ಕೂತ್ಕೊಳ್ಳಿ. ತುರ್ಭೆಯಿಂದ ಖಾಲಿ ಡಬ್ಬ ತರ್ಲಿಕ್ಕುಂಟು."