ಪಬ್ಬಿನ ಸಪ್ಲಾಯರ್

ಆನೆಗುಡ್ಡೆ ಗಣಪತಿ ಆಣೆ, ಇದ್ರಗೆ ಒಂದಕ್ಷರ ಸುಳ್ಳಿಲ್ಲೆ. ಬ್ರಹ್ಮಾವರದಗೆ ಹೋಟ್ಲ್ ನಡ್ಸಿ ಹೆಸ್ರ್ ಮಾಡ್ದವ ನಾ. ನನ್ ಕೈರುಚಿ ಕಂಡೇ ಸಾವ್ಕಾರ್ರ್ ಒಬ್ರ್ ಮಗಳ ಮದಿ ಅಡ್ಗಿಗೆ ಇಂಗ್ಲೆಂಡಿಗೆ ಕರ್ಕಂಡ್ ಹೋದ್ರ್.

ಮದಿ ಮುಗ್ದ್ ಮಾರ್ನೆ ದಿನ ಅಲ್ಲಿನ ಹಳ್ಳಿ ಪಬ್ಬಿಗೆ ಉಂಬುಕೆ ಹೋಯ್ ಕೂಕಂಡೆ. ಕೂಕಂಡ್ ಕೂಡ್ಲೆ ನೀರ್ ಬರ್ಕ್ ಅಲ್ದಾ? ಹೊಟ್ಟಿ ತಾಳ ಹಾಕುಕೆ ಶುರು ಮಾಡಿತ್, ಯಾರೂ ಬರ್ಲಿಲ್ಲೆ. ಅಷ್ಟೊತ್ತಿಗೆ ಬಿಳಿ ಅಂಗಿ ಹಾಕ್ದ ಮುದ್ಕ ಒಬ್ಬ ಎರಡ್ ಗ್ಲಾಸ್ ಹಿಡ್ಕಂಡ್ ಬಂದ.

"ಹ್ವಾಯ್! ಗಿರಾಕಿ ಕಾಂತಿಲ್ಯಾ?" ಅಂದೆ. ಪಕ್ಕದ್ ಮೇಜಿನ ಮೀನ್ ತೋರ್ಸಿ ಇಪ್ಪತ್ ಪೌಂಡ್ ಕೊಟ್ಟೆ. ಅವ ಕಣ್ ಕಣ್ ಬಿಟ್ಟ, ಆದ್ರೆ ಹೋಯ್ ಮೀನೂ ತಂದ, ಚಿಲ್ರಿನೂ ತಂದ. "ಇಟ್ಕೊ ಮಾರಾಯ" ಅಂದ್ ಚಿಲ್ರಿ ಅವ್ನ ಕಿಸಿಗೇ ತುರ್ಕ್ದೆ. ಅವ ನನ್ನ ಎದ್ರಿಗೇ ಕೂಕಂಡ! ಸಪ್ಲಾಯರ್ ಗಿರಾಕಿ ಎದ್ರ್ ಕೂಕಂಬುದಾ? ನಂಗೆ ತಲಿ ಬುಡ ಗೊತ್ತಾಯ್ಲಿಲ್ಲೆ.

ಹಿಂದಿಂದ ಬಂದ ನಮ್ ಜತಿಗೆ ಊರಿಂದ ಬಂದಿದ್ದ ಅಡ್ಗಿಯವ ಶೀನ ಹೊಟ್ಟಿ ಹಿಡ್ಕಂಡ್ ನೆಗ್ಯಾಡ್ದ. "ಅಣ್ಣಯ್ಯ, ಅವನೂ ನಿಮ್ ಹಾಂಗೆ ಉಂಬುಕೆ ಬಂದವ. ಇಲ್ಲಿ ಕೌಂಟರಿಗೆ ನಾವೇ ಹೋಯ್ ಹೇಳ್ಕ್."

ಇಷ್ಟ್ ವರ್ಷದಗೆ ಯಾವ ಸಪ್ಲಾಯರಿಗೂ ಟಿಪ್ಸ್ ಕೊಟ್ಟವ ಅಲ್ಲ ನಾ. ಕೊಟ್ಟದ್ ಒಂದೇ ಸಲ, ಅದೂ ಗಿರಾಕಿಗೆ: ಆರ್ ಪೌಂಡ್ ಎಪ್ಪತ್ ಪೆನ್ಸ್.