ಬೋರ್ಡಿನ ಎಡಮೂಲೆ

ಮೊನ್ನೆ ಹುಮನಾಬಾದಿನ ನಮ್ಮ ಕಾರ್ಖಾನೆಯಲ್ಲಿ ಹಳೆಯ ಕಂಟ್ರೋಲ್ ಪ್ಯಾನೆಲ್ ಬಿಚ್ಚಿದರು. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬಸವಕಲ್ಯಾಣದ ಆ ಮಾಳಿಗೆ ಕೋಣೆಯಲ್ಲೂ ಇದೇ ವಾಸನೆ ಇತ್ತು…

ಅಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಮಾಸ್ತರರು ಹೈದರಾಬಾದಿನಲ್ಲಿ ಕೋಣೆಯಷ್ಟು ದೊಡ್ಡ ಮೇನ್‌ಫ್ರೇಮ್ ಯಂತ್ರದ ಹತ್ತಿರ ದುಡಿದು ಬಂದವರು. ಅದು ಗುಜರಿಗೆ ಹೋದಾಗ ಒಂದು ಪ್ಯಾನೆಲ್ ತಂದು ಕಿಟಕಿಯ ಬಿಸಿಲಿಗೆ ನಿಲ್ಲಿಸಿಕೊಂಡಿದ್ದರು. ನಡುವೆ ಇಂಟರಪ್ಟ್ ಬಂದರೆ, ಅಂದರೆ ಹೊರಗಿನಿಂದ ಯಾರೋ ಕರೆದರೆ, ಆ ಯಂತ್ರ ತಾನು ನಿಂತ ಜಾಗವನ್ನು ಮೊದಲು ಗೊತ್ತುಮಾಡಿದ ಒಂದು ಮೂಲೆಯಲ್ಲಿ ಬರೆದಿಡುತ್ತಿತ್ತಂತೆ. ಅದನ್ನು ಬೇರೆಡೆ ಎತ್ತಿಡುವ ಮೊದಲೇ ಅಂಥದೇ ಇನ್ನೊಂದು ಕರೆ ಬಂದರೆ ಹಳೆಯದು ಅಳಿಸಿಹೋಗಿ, ಮರಳುವ ದಾರಿಯೇ ತಪ್ಪಿಹೋಗುತ್ತಿತ್ತು. ಅದಕ್ಕೇ ಅಷ್ಟು ಹೊತ್ತು ಹೊರಗಿನ ಕರೆಗಳಿಗೆ ಚಿಲಕ.

ಮಾಸ್ತರರು ಇದನ್ನು ಆಡಿ ತೋರಿಸುತ್ತಿದ್ದರು. ಕೆಳಗಿನಿಂದ ಅವರ ಹೆಂಡತಿ "ರೀ, ಚಾ ಆರಾಕತ್ತದ!" ಎಂದು ಕೂಗಿದರೆ ಸಾಕು, ನಿಂತ ಮಾತನ್ನು ಬೋರ್ಡಿನ ಎಡಮೂಲೆಯಲ್ಲಿ ಬರೆದು, ಚಿಲಕದಂತೆ ಕೈ ಅಡ್ಡ ಹಿಡಿದು, ಒಂದು ಗಳಿಗೆ ಗೊಂಬೆಯ ಹಾಗೆ ನಿಲ್ಲುತ್ತಿದ್ದರು. ಆಗ ನಾವು ಪಿಟ್ಟೆನ್ನುವಂತಿಲ್ಲ. ಚಾ ಕುಡಿದು ಬಂದು "ಎಲ್ಲಿದ್ದೆವು?" ಎಂದು ಕೇಳಿದಾಗ ಆ ಮೂಲೆ ನೋಡಿ ಎಲ್ಲರೂ ಒದರಬೇಕು.

ಆ ದಿನ ಟ್ರ್ಯಾಪಿನ ಪಾಠ. "ಇದು ಹೊರಗಿನ ಕರೆ ಅಲ್ಲ. ಯಂತ್ರದ್ದೇ ಲೆಕ್ಕ ಒಳಗ ತಪ್ತದ, ತಾನೇ ನಿಲ್ತದ. ಬಹಳ ಸಲ ಇದಕ್ಕ ಚಿಲಕ ಹಾಕಾಕ…" ಎಂದವರು ನಿಂತರು.

ಗೊಂಬೆಯ ಹಾಗೆಯೇ. ಹುಡುಗಿಯರು ಮುಸಿಮುಸಿ ನಕ್ಕರು. ನಾನೂ ನಗುತ್ತಲೇ ಎಡಮೂಲೆ ನೋಡಿದೆ. ಖಾಲಿ! ಬರೆಯದೆ ಅವರು ಎಂದೂ ನಿಂತವರಲ್ಲ. "ಅಯ್ಯೋ, ಸರ್ ಬರ್ದಿಲ್ಲ! ಬರ್ದಿಲ್ಲ ನೋಡ್ರಿ!" ಎಂದು ಚೀರಿದೆ. ಅಷ್ಟರಲ್ಲಿ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಸೀಮೆಸುಣ್ಣ ಕೈಯಿಂದ ಬಿದ್ದು…

ಹುಮನಾಬಾದಿನ ದವಾಖಾನೆಗೆ ಒಯ್ಯುವ ಜೀಪಿನಲ್ಲಿ ಅವರ ತಲೆ ಹೆಂಡತಿಯ ತೊಡೆಯ ಮೇಲಿತ್ತು, ಪಕ್ಕದಲ್ಲಿ ನಾನಿದ್ದೆ. ತೆರೆದ ಕಣ್ಣು ಏನನ್ನೋ ಹುಡುಕುತ್ತಿತ್ತು. "ನೀ ಮಾತಾಡವ್ವ, ಪಾಠದ ಮಾತಂದ್ರ ಇವರಿಗೆ ಎಚ್ಚರ ಆಗ್ತದ" ಎಂದು ಆಕೆ ಅತ್ತರು. ನಾನು ಅದೊಂದನ್ನೇ ಹೇಳುತ್ತ ಹೋದೆ. "ಸರ್, ಟ್ರ್ಯಾಪಿನ ಪಾಠದಾಗ ಇದ್ದೆವ್ರಿ. ಚಿಲಕ ಹಾಕಾಕ ಅಂದ್ರಿ, ಅಲ್ಲೇ ನಿಂತದರಿ. ಬರ್ರಿ ಸರ್…" ರಾಜೇಶ್ವರ ಊರು ದಾಟುವಾಗ ಮಾಸ್ತರರು ನನ್ನ ಬೆರಳು ಗಟ್ಟಿಯಾಗಿ ಹಿಡಿದರು. ಮರಳಿ ಬಂದೇಬಿಟ್ಟರು ಅಂದುಕೊಂಡೆ. ದವಾಖಾನೆ ಮುಟ್ಟುವಷ್ಟರಲ್ಲಿ ಆ ಹಿಡಿತ ಸಡಿಲಾಗಿತ್ತು.

ಈಗ ಕಂಟ್ರೋಲ್ ರೂಮಿನಲ್ಲಿ ಯಾರು ಕರೆದರೂ ನಾನು ಕೆಲಸ ನಿಂತ ಜಾಗ ಬರೆದೇ ಏಳುವುದು. "ಮೇಡಂ, ಚಾಕ್ಕ ಹೋಗಾಕೂ ಬರೀತೀರೇನ್ರಿ?" ಎಂದು ಜೊತೆಯವರು ಚೇಷ್ಟೆ ಮಾಡುತ್ತಾರೆ. ನಗುತ್ತೇನೆ. ಆದರೆ ಮಾತಿನ ನಡುವೆ ಯಾರಾದರೂ ಸುಮ್ಮನಾದರೆ ಈಗಲೂ ಹೆದರಿಕೆಯಾಗುತ್ತದೆ, ಹೋಗಿ ಭುಜ ಹಿಡಿದು ಅಲುಗಿಸುತ್ತೇನೆ. ಅವರು ಬೆಚ್ಚಿ ನನ್ನ ಕಡೆ ನೋಡುತ್ತಾರೆ. ಮಾಸ್ತರರು ಹಾಗೆ ನೋಡಲಿಲ್ಲ… ಎಲ್ಲಿದ್ದೆವು ಎಂದು ಕೇಳಲೂ ಇಲ್ಲ.